ಪಿಎಚ್‌ಪಿ ಸಿಎಸ್ ಫಿಕ್ಸರ್: ಹಳೆಯ ಕೋಡ್ ಒಪ್ಪವಾಗುತ್ತದೆ, ದುರಸ್ತಿಯಾಗುವುದಿಲ್ಲ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ರೈತರ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ತೆಗೆದುಕೊಡುವ ಹಳೆಯ ತಂತ್ರಾಂಶವೊಂದನ್ನು ಹುಬ್ಬಳ್ಳಿಯಲ್ಲಿ ಕುಳಿತು ನೋಡಿಕೊಳ್ಳುತ್ತೇನೆ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಹಲವು ಕೈ ದಾಟಿ ಬಂದಿದೆ: ಒಬ್ಬರು ಟ್ಯಾಬ್ ಒತ್ತಿದ್ದಾರೆ, ಇನ್ನೊಬ್ಬರು ಸ್ಪೇಸ್, ಮತ್ತೊಬ್ಬರಿಗೆ ಎರಡರ ಗೊಡವೆಯೂ ಇರಲಿಲ್ಲ. ಹಾಗಾಗಿ ಕೋಡಿನ ಬರವಣಿಗೆಯ ಶೈಲಿಯನ್ನು ಒಪ್ಪಗೊಳಿಸುವ ಪಿಎಚ್‌ಪಿ ಸಿಎಸ್ ಫಿಕ್ಸರ್ ಎಂಬ ಉಚಿತ ಉಪಕರಣ ಕೆಲವು ವರ್ಷಗಳಿಂದ ನನ್ನ ಜೊತೆಗಿದೆ.

ಪಿಎಚ್‌ಪಿ ಕೋಡಿನ ಶೈಲಿಗಿರುವ ಪಿಎಸ್‌ಆರ್-12 ನಿಯಮಾವಳಿ ಕೊಟ್ಟರೆ ಸಾಲುಗಳ ಅಂಚು, ಆವರಣಗಳ ಜಾಗ ಎಲ್ಲವೂ ಸರಿಹೋಗುತ್ತವೆ. ಅದು ನಿರೀಕ್ಷಿತವೇ. ನನಗೆ ನಿಜವಾಗಿ ನೆರವಾದದ್ದು ಬಿಒಎಂ (ಕಡತದ ಆರಂಭದಲ್ಲಿ ಸೇರುವ ಅದೃಶ್ಯ ಗುರುತು) ತೆಗೆಯುವ ನಿಯಮ. ಯಾರೋ ಹಳೆಯ ನೋಟ್‌ಪ್ಯಾಡಿನಲ್ಲಿ ತೆರೆದು ಯುಟಿಎಫ್-8 ಆಗಿ ಉಳಿಸಿದ ಕಡತಗಳ ತಲೆಯಲ್ಲಿ ಕಣ್ಣಿಗೆ ಕಾಣದ ಮೂರು ಬೈಟ್‌ಗಳು ಸೇರಿಕೊಂಡು ಲಾಗಿನ್ ಪುಟವನ್ನೇ ಕೆಡಿಸುತ್ತಿದ್ದವು. ಆದರೆ ನುಡಿಯ ಹಳೆಯ ಫಾಂಟಿಗಾಗಿ ಟೈಪ್ ಮಾಡಿದ ಕನ್ನಡ ಪದಗಳನ್ನು ಇದು ಯೂನಿಕೋಡ್ ಮಾಡಿಕೊಡುವುದಿಲ್ಲ. ಅದು ಇದರ ಕೆಲಸವೂ ಅಲ್ಲ.

ಅರ್ಥ ಬದಲಿಸಬಹುದಾದ ನಿಯಮಗಳನ್ನು ಉಪಕರಣವೇ ಅಪಾಯಕಾರಿ ಎಂದು ಗುರುತಿಸಿದೆ. ನಾವಾಗಿ ಅನುಮತಿ ಕೊಡದೆ ಅವು ಜಾರಿಯಾಗುವುದಿಲ್ಲ. ಹೋಲಿಕೆಗೆ ಬಳಸುವ ಎರಡು ಸಮಚಿಹ್ನೆಗಳನ್ನು (==) ಮೂರಾಗಿಸುವ (===) ನಿಯಮ ಅಂಥದ್ದು. ಪರದೆಯ ಫಾರ್ಮಿನಲ್ಲಿ ತುಂಬಿದ ಹಮಾಲಿಯ (ಮೂಟೆ ಹೊರುವ ಕೂಲಿಯ) ಸೊನ್ನೆ ಸಂಖ್ಯೆಯಲ್ಲ, ಅಕ್ಷರ. ಎರಡು ಚಿಹ್ನೆಯಿದ್ದಾಗ ಪಿಎಚ್‌ಪಿ ಅದನ್ನು ಸೊನ್ನೆಯೆಂದೇ ಒಪ್ಪುತ್ತದೆ, ಮೂರಾದರೆ ಒಪ್ಪುವುದಿಲ್ಲ. ಆಗ ಹಮಾಲಿ ಇಲ್ಲದ ಪಟ್ಟಿಯಲ್ಲೂ ಹಮಾಲಿಯ ಸಾಲು ಅಚ್ಚಾಗುತ್ತದೆ. ಹರಾಜಿನ ದಿನ ರೈತರು ಪಟ್ಟಿಗೆ ಕಾದು ನಿಂತಿರುವಾಗ ಆ ತಕರಾರು ಯಾರಿಗೆ ಬೇಕು? ಅಂಥ ನಿಯಮಗಳನ್ನು ಹೊಸ ಕಡತಗಳಿಗಷ್ಟೇ ಹಚ್ಚುತ್ತೇನೆ.

ಎಚ್‌ಟಿಎಂಎಲ್ ಮತ್ತು ಪಿಎಚ್‌ಪಿಯನ್ನು ಗಿರಮಿಟ್ಟಿನಂತೆ ಕಲಸಿದ ಕಡತಗಳಲ್ಲಿ ಫಲಿತಾಂಶ ಅರ್ಧಂಬರ್ಧ. ಎಚ್‌ಟಿಎಂಎಲ್ ಭಾಗವನ್ನು ಅದು ಮುಟ್ಟುವುದೇ ಇಲ್ಲ. ಪಿಎಚ್‌ಪಿ 7ರಲ್ಲಿ ತೆಗೆದುಹಾಕಿದ ಹಳೆಯ ಮೈಎಸ್‌ಕ್ಯೂಎಲ್ (ಡೇಟಾಬೇಸ್) ಫಂಕ್ಷನ್‌ಗಳೂ ಹಾಗೆಯೇ ಉಳಿಯುತ್ತವೆ. ಕೋಡನ್ನು ಹೊಸ ಪಿಎಚ್‌ಪಿಗೆ ತಕ್ಕಂತೆ ಬದಲಿಸಲು ರೆಕ್ಟರ್ ಎಂಬ ಬೇರೆ ಉಪಕರಣವಿದೆ. ಅಂಗಡಿಯ ಯಜಮಾನರಿಗಂತೂ ಈ ಕೆಲಸದಿಂದ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಬಿಲ್ ಕಳಿಸಿದರೆ ಹುಬ್ಬೇರಿಸುತ್ತಾರೆ.

ಬಳಸುವವರು ಮೊದಲು ಡ್ರೈ-ರನ್ (ಕಡತವನ್ನು ಬದಲಿಸದ ಪರೀಕ್ಷಾ ಓಟ) ಹಾಕಿ, ಬದಲಾಗುವ ಸಾಲುಗಳನ್ನು ಓದಿ ನೋಡಬೇಕು. ಒಪ್ಪಗೊಳಿಸಿದ್ದನ್ನು ಬೇರೆ ತಿದ್ದುಪಡಿಗಳ ಜೊತೆ ಬೆರೆಸದೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಪ್ರತ್ಯೇಕ ಕಮಿಟ್ (ದಾಖಲೆ) ಮಾಡಬೇಕು. ಯಾವ ಸಾಲನ್ನು ಯಾರು ಬದಲಿಸಿದರೆಂದು ತೋರಿಸುವ ಗಿಟ್‌ನ ಬ್ಲೇಮ್‌ನಲ್ಲಿ ಒಪ್ಪಗೊಳಿಸಿದ ಪ್ರತಿ ಸಾಲಿಗೂ ನಿಮ್ಮ ಹೆಸರೇ ಬರುತ್ತದೆ. ಆದರೆ 2019ರಲ್ಲಿ ಬಂದ ಗಿಟ್ 2.23ರಿಂದ ಅಂಥ ಪ್ರತ್ಯೇಕ ಕಮಿಟ್‌ಗಳನ್ನು ಒಂದು ಕಡತದಲ್ಲಿ ಪಟ್ಟಿ ಮಾಡಿ ಬ್ಲೇಮ್‌ನಿಂದ ಹೊರಗಿಡಬಹುದು.