ಹಾರ್ಡ್ ಡಿಸ್ಕಿನ ಗುಂಯ್‌ಗುಡುವಿಕೆ: ರಬ್ಬರು, ಎಲಾಸ್ಟಿಕ್, ಸ್ಪಂಜುಗಳ ಹೋಲಿಕೆ

ನನ್ನ ಡೆಸ್ಕ್‌ಟಾಪಿನಲ್ಲಿ ನಿಮಿಷಕ್ಕೆ 7200 ಸುತ್ತು ತಿರುಗುವ 3.5 ಇಂಚಿನ ಎರಡು ಹಾರ್ಡ್ ಡಿಸ್ಕುಗಳಿವೆ. ಸೆಕೆಂಡಿಗೆ 120 ಸುತ್ತು ಎಂದಾಗುವುದರಿಂದ ಅವುಗಳ ಗುಂಯ್‌ಗುಡುವಿಕೆಯೂ 120 ಹರ್ಟ್ಸ್‌ನ ಆಸುಪಾಸಿನಲ್ಲಿಯೇ ಇರುತ್ತದೆ. ಆದರೆ ಎರಡರ ವೇಗವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಂತೆ ಹೊಂದುವುದಿಲ್ಲವಾದ್ದರಿಂದ ಎರಡರ ಸದ್ದೂ ಒಮ್ಮೆ ಕೂಡಿ, ಒಮ್ಮೆ ಒಂದನ್ನೊಂದು ಅಡಗಿಸಿ, ಕೆಲವು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತಿತ್ತು. ಒಂದೇ ಸಮನಾದ ಸದ್ದನ್ನು ಕಿವಿ ಮರೆತುಬಿಡುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ.

ಪರಿಹಾರ ಹುಡುಕುವ ಮೊದಲು ಕಂಪ್ಯೂಟರನ್ನು ಆರಿಸಿ, ಡಿಸ್ಕುಗಳನ್ನು ಬಿಚ್ಚಿ, ಕೇಬಲ್ ಎಟುಕುವಷ್ಟು ದೂರದಲ್ಲಿ ಮಡಿಸಿದ ಟವೆಲಿನ ಮೇಲೆ ಇಟ್ಟು ಮತ್ತೆ ಚಾಲೂ ಮಾಡಿದೆ. ಗುಂಯ್ ಎನ್ನುವ ಸದ್ದು ಬಹುತೇಕ ಅಡಗಿತು. ಅಂದರೆ ಡಿಸ್ಕು ನಡುಗುವುದು ಸ್ವಲ್ಪವೇ. ಅದನ್ನು ಹಿಡಿದು ಕೋಣೆಗೆಲ್ಲ ಕೇಳಿಸುತ್ತಿದ್ದದ್ದು ಕ್ಯಾಬಿನೆಟ್ಟಿನ ತೆಳು ತಗಡು.

ಮೊದಲು ಪ್ರಯತ್ನಿಸಿದ್ದು ರಬ್ಬರ್ ವಾಷರ್. ಪ್ರತಿ ಸ್ಕ್ರೂವಿಗೂ ಒಂದೊಂದು ತೊಡಿಸಿ, ಅಭ್ಯಾಸಬಲದಿಂದ ಬಿಗಿಯಾಗಿ ತಿರುಗಿಸಿದಾಗ ಯಾವ ಬದಲಾವಣೆಯೂ ಕಾಣಲಿಲ್ಲ. ಅಮುಕಿ ಚಪ್ಪಟೆಯಾದ ರಬ್ಬರು ಲೋಹದಂತೆಯೇ ಗಟ್ಟಿಯಾಗಿ ನಡುಕವನ್ನು ದಾಟಿಸಿಬಿಡುತ್ತದೆ. ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಅವು ರಂಧ್ರದ ಅಂಚಿಗೆ ತಾಗದಂತೆ ನೋಡಿಕೊಂಡ ಮೇಲೆ ಸದ್ದು ಅರ್ಧಕ್ಕೆ ಇಳಿದಂತೆ ಅನ್ನಿಸಿತು. ಡಿಸ್ಕಿನ ಭಾರಕ್ಕೆ ರಬ್ಬರು 0.1 ಮಿಲಿಮೀಟರಿನಷ್ಟು ಕುಗ್ಗಿದರೆ ಆ ಜೋಡಣೆಯ ಸಹಜ ಕಂಪನ, ಅಂದರೆ ತಟ್ಟಿಬಿಟ್ಟರೆ ಅದು ತಾನಾಗಿ ಅಲುಗುವ ವೇಗ, ಸುಮಾರು 50 ಹರ್ಟ್ಸ್ ಆಗುತ್ತದೆ. ಇದು ಡಿಸ್ಕಿನ ನಡುಕಕ್ಕಿಂತ ಎಷ್ಟು ಕೆಳಗಿದ್ದರೆ ತಡೆ ಅಷ್ಟು ಹೆಚ್ಚು. 120ರ ನಡುಕವನ್ನು ಅದು ಒಂದಿಷ್ಟು ತಡೆದೀತು, ಪೂರ್ತಿಯಾಗಿ ಅಲ್ಲ.

ಎಲಾಸ್ಟಿಕ್ಕಿನ ಲೆಕ್ಕವೇ ಬೇರೆ. ಡಿವಿಡಿ ಡ್ರೈವ್ ತೆಗೆದು ಖಾಲಿಯಾಗಿದ್ದ 5.25 ಇಂಚಿನ ಜಾಗದಲ್ಲಿ ಡಿಸ್ಕಿನ ಎರಡೂ ಬದಿಗೆ ಸುಮಾರು ಎರಡೆರಡು ಸೆಂಟಿಮೀಟರ್ ಉಳಿಯುತ್ತದೆ. ಹೊಲಿಗೆ ಸಾಮಾನಿನ ಅಂಗಡಿಯಿಂದ ತಂದ, ಪೈಜಾಮಕ್ಕೆ ಹಾಕುವ ಅಗಲ ಎಲಾಸ್ಟಿಕ್ಕನ್ನು ಅಡ್ಡಡ್ಡ ಬಿಗಿದು, ಅದರ ಮೇಲೆ ಡಿಸ್ಕನ್ನು ತೊಟ್ಟಿಲಿನಲ್ಲಿಟ್ಟಂತೆ ಕೂರಿಸಿದೆ. ಭಾರಕ್ಕೆ ಅದು ಒಂದು ಸೆಂಟಿಮೀಟರ್ ಜೋತುಬಿತ್ತು. ಅಷ್ಟು ಜೋತರೆ ಸಹಜ ಕಂಪನ ಸುಮಾರು 5 ಹರ್ಟ್ಸ್‌ಗೆ ಇಳಿಯುವುದರಿಂದ 120ರ ನಡುಕ ತಗಡನ್ನು ಮುಟ್ಟುವುದೇ ಇಲ್ಲವೆನ್ನಬೇಕು. ಆದರೂ ಮೊದಲ ದಿನ ಸಣ್ಣ ಗುನುಗು ಉಳಿದಿತ್ತು. ಬೆರಳಿಟ್ಟು ನೋಡಿದರೆ ಎಳೆದು ಬಿಗಿಯಾಗಿದ್ದ ವಿದ್ಯುತ್ ಕೇಬಲ್ಲೇ ನಡುಕವನ್ನು ಸಾಗಿಸುತ್ತಿತ್ತು. ಅದಕ್ಕೊಂದು ಸಡಿಲ ಬಳುಕು ಕೊಟ್ಟೊಡನೆ ಮೌನ. ದೋಷಗಳೂ ಇವೆ. ಎಲಾಸ್ಟಿಕ್ ತಿಂಗಳುಗಳಲ್ಲಿ ಸಡಿಲವಾಗುತ್ತದೆ, ಮನೆ ಬದಲಿಸುವಾಗ ಡಿಸ್ಕನ್ನು ಬಿಚ್ಚಿಡಲೇಬೇಕು. ತೂಗುವ ಡಿಸ್ಕು, ಒಳಗೆ ಮಾಹಿತಿ ಓದಲು ಅತ್ತಿತ್ತ ಓಡುವ ತೋಳಿನ ಎಳೆತಕ್ಕೆ ತಾನೂ ಅಲುಗುತ್ತದೆಯೆಂಬ ಆಕ್ಷೇಪ ನ್ಯಾಯವಾದದ್ದೇ, ಆದರೆ ದೊಡ್ಡ ಫೈಲುಗಳ ನಕಲಿನಲ್ಲಿ ನನಗೆ ವ್ಯತ್ಯಾಸ ತಿಳಿಯಲಿಲ್ಲ.

ಸ್ಪಂಜಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕ್ಯಾಬಿನೆಟ್ಟಿನ ತಳದಲ್ಲಿ ಹಾಸಿ ಡಿಸ್ಕನ್ನು ಮಲಗಿಸಿದಾಗ ಸದ್ದೇನೋ ನಿಂತಿತು, ಆದರೆ ಒಂದು ಗಂಟೆಯೊಳಗೆ 39 ಡಿಗ್ರಿಯಿಂದ 50ಕ್ಕೆ ಏರಿದ ಉಷ್ಣತೆಯನ್ನು ಕಂಡು ಅದನ್ನು ಕಿತ್ತು ಹಾಕಿದೆ.

ಇವು ಮೂರೂ ಗುಂಯ್ ಎನ್ನುವ ಸದ್ದಿಗೆ ಮದ್ದೇ ಹೊರತು, ಓದುವಾಗ ಕೇಳುವ ಕಟಕಟ ಸದ್ದಿಗೆ ರಬ್ಬರಿನಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಹಳೆಯ ಡಿಸ್ಕಿನಲ್ಲಿ ಲಿನಕ್ಸಿನಲ್ಲಿ ಡಿಸ್ಕಿನ ಸೆಟ್ಟಿಂಗ್ ಬದಲಿಸುವ ಎಚ್‌ಡಿಪಾರ್ಮ್ ಎಂಬ ಆಜ್ಞೆಯ ಮೂಲಕ ಸದ್ದಿನ ಮಟ್ಟವನ್ನು 254ರಿಂದ 128ಕ್ಕೆ ಇಳಿಸಿದಾಗ ತೋಳಿನ ಓಡಾಟ ಮೃದುವಾಯಿತು. ಹೊಸ ಡಿಸ್ಕು ಆ ಆಜ್ಞೆಯನ್ನು ಒಪ್ಪಲೇ ಇಲ್ಲ.

ಖಾಲಿ ಜಾಗ ಒಂದೇ ಇದ್ದದ್ದರಿಂದ ಹೆಚ್ಚು ನಡುಗುವ ಹಳೆಯ ಡಿಸ್ಕು ಎಲಾಸ್ಟಿಕ್ಕಿನ ಮೇಲೆ ಉಳಿಯಿತು, ಹೊಸದು ರಬ್ಬರಿನ ಮೇಲೆ. ಈಗ ತಗಡಿಗೆ ತಲುಪುವುದು ಒಂದೇ ಡಿಸ್ಕಿನ ನಡುಕವಾದ್ದರಿಂದ ಏರಿಳಿತ ಸಂಪೂರ್ಣ ನಿಂತಿದೆ. ಸಣ್ಣದೊಂದು ಗುನುಗು ಇದೆ. ಫ್ಯಾನ್ ಆರಿಸಿ ಕಿವಿಗೊಟ್ಟರೆ ಮಾತ್ರ ಕೇಳಿಸುತ್ತದೆ.