ಸೋಲಾರ್ ಬೇಲಿಯ ಸೂಚಕ ದೀಪ: ಖಾನಾಪುರದ ಮಳೆ, ಬಿಸಿಲು ಎರಡರಲ್ಲೂ ಬಳಸಿದ ಮೇಲೆ

ಸೋಲಾರ್ ಬೇಲಿ ಹಾಕಿಸಿದವರು ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ತೋರಿಸುವ ಒಂದು ಸೂಚಕ ದೀಪವನ್ನೂ ತಗೊಳ್ಳಲೇಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಂಗಡಿಯಲ್ಲಿ ಮೊದಲು ಕೈಗೆ ಸಿಕ್ಕಿದ್ದನ್ನು ತರಬೇಡಿ, ತಂದದ್ದನ್ನು ಬೇಲಿಗೆ ಕರೆಂಟಿನ ಪೆಟ್ಟು ಕೊಡುವ ಝಟಕಾ ಮಷೀನಿನ ಪಕ್ಕದಲ್ಲೇ ಕಟ್ಟಬೇಡಿ. ಈ ಎರಡು ಸರಿಯಾದರೆ ಕೆಲವು ನೂರು ರೂಪಾಯಿಯ ವಸ್ತು ದೊಡ್ಡ ಕೆಲಸ ಮಾಡುತ್ತದೆ.

ನಮ್ಮದು ಖಾನಾಪುರ ತಾಲ್ಲೂಕಿನ ಕಾಡಂಚಿನ ಹೊಲ. ಕಬ್ಬು, ಭತ್ತ, ಸ್ವಲ್ಪ ಗೆಣಸು. ಗೆಣಸಿಗೆ ಹಂದಿ ಬರುತ್ತದೆ, ಭತ್ತಕ್ಕೆ ಕಾಡುಕೋಣ. ಕೆಲವು ವರ್ಷ ದಾಂಡೇಲಿ ಕಡೆಯಿಂದ ಆನೆಯೂ ಬರುತ್ತದೆ. ಹಂದಿ ಹಿಂಡು ಒಂದು ರಾತ್ರಿ ಗೆಣಸಿನ ಹೊಲಕ್ಕೆ ಹೊಕ್ಕರೆ ಬೆಳಿಗ್ಗೆ ಸಾಲು ಯಾವುದು, ಬದು ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ಬೇಲಿಯಲ್ಲಿ ಈ ರಾತ್ರಿ ಕರೆಂಟ್ ಇದೆಯೋ ಇಲ್ಲವೋ ಅನ್ನುವುದು ನಮಗೆ ದಿನದ ಪ್ರಶ್ನೆ.

ಝಟಕಾ ಮಷೀನಿನ ಮೇಲೆಯೇ ಒಂದು ದೀಪ ಇರುತ್ತದೆಯಲ್ಲ, ಅದು ಸಾಲದೇ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಮಷೀನಿನ ಒಳಗೆ 12 ವೋಲ್ಟಿನ ಬ್ಯಾಟರಿ ಒಂದು ಕೆಪಾಸಿಟರನ್ನು, ಅಂದರೆ ಕರೆಂಟ್ ಕೂಡಿಟ್ಟುಕೊಳ್ಳುವ ಭಾಗವನ್ನು, ತುಂಬಿಸುತ್ತದೆ. ಅದು ಒಮ್ಮೆಲೇ ಖಾಲಿಯಾಗಿ, ಟ್ರಾನ್ಸ್‌ಫಾರ್ಮರ್ ಮೂಲಕ ಸಾವಿರಾರು ವೋಲ್ಟ್ ಆಗಿ ತಂತಿಗೆ ಹೋಗುತ್ತದೆ. ಸುಮಾರು ಸೆಕೆಂಡಿಗೊಂದು ಪೆಟ್ಟು. ಬಹಳಷ್ಟು ಮಷೀನಿನ ದೀಪ ಹೇಳುವುದು ಇಷ್ಟೇ: 'ನಾನು ಪೆಟ್ಟು ಬಿಡುತ್ತಿದ್ದೇನೆ.' ಆ ಪೆಟ್ಟು ಹಳ್ಳದ ಬದಿಯ ಕೊನೆಯ ಕಂಬಕ್ಕೆ ಮುಟ್ಟಿತೋ, ಮಧ್ಯದಲ್ಲಿ ಹುಲ್ಲಿಗೆ ತಾಗಿ ನೆಲಕ್ಕೆ ಇಳಿಯಿತೋ ಅದಕ್ಕೆ ಗೊತ್ತಿಲ್ಲ. ತಂತಿ ತುಂಡಾಗಿ ಬಿದ್ದಿದ್ದರೂ ಅದು ಚೆನ್ನಾಗಿಯೇ ಮಿಣುಕುತ್ತಿರುತ್ತದೆ.

ಇನ್ನು ದೀಪದ ಬಗೆ. ಪೇಟೆಯಲ್ಲಿ ಮೂರು ಥರ ಸಿಗುತ್ತವೆ. ಅಗ್ಗದ್ದು ನಿಯಾನ್ ದೀಪ. ಒಂದು ಕಾಲು ತಂತಿಗೆ, ಇನ್ನೊಂದು ನೆಲಕ್ಕೆ ಚುಚ್ಚುವ ಸಲಾಕೆಗೆ. ಕಿತ್ತಳೆ ಬಣ್ಣದಲ್ಲಿ ಮಿಣುಕುತ್ತದೆ. ಇದರ ತೊಂದರೆ ಏನೆಂದರೆ, ನಿಯಾನ್ ಹೊತ್ತಿಕೊಳ್ಳಲು ನೂರು ವೋಲ್ಟಿಗಿಂತ ಕಡಿಮೆ ಸಾಕು. ಬೇಲಿಯಲ್ಲಿ 7000 ಇದ್ದರೂ ಮಿಣುಕುತ್ತದೆ, 1000ಕ್ಕೆ ಇಳಿದರೂ ಮಿಣುಕುತ್ತದೆ. ಬೆಳಕು ಸ್ವಲ್ಪ ಮಂದ ಆಗಬಹುದು, ಆದರೆ ರಾತ್ರಿ ದೂರದಿಂದ ನೋಡುವವನಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಹಂದಿಯ ಒರಟು ಕೂದಲು, ಕೆಸರು ಮೆತ್ತಿದ ಚರ್ಮ ದಾಟಿ ಪೆಟ್ಟು ತಾಗಬೇಕಾದರೆ 4000 ವೋಲ್ಟ್ ಆದರೂ ಬೇಕು. 1000 ವೋಲ್ಟಿನ ಬೇಲಿಯನ್ನು ಹಂದಿ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಎರಡನೆಯದು, ವೋಲ್ಟೇಜ್ ಇಳಿದಾಗ ಮಾತ್ರ ಹೊತ್ತಿಕೊಳ್ಳುವ ಎಚ್ಚರಿಕೆ ದೀಪ. ಇದಕ್ಕೆ ತನ್ನದೇ ಬ್ಯಾಟರಿ ಇರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ಬ್ಯಾಟರಿ ಸತ್ತರೆ? ದೀಪ ಹೊತ್ತುವುದಿಲ್ಲ, ನಾವು ಎಲ್ಲ ಸರಿಯಿದೆ ಅಂದುಕೊಂಡು ಮಲಗುತ್ತೇವೆ. ಕಾಡಂಚಿನಲ್ಲಿ ಇದು ಬೇಡ. ಆರಿದರೆ ತೊಂದರೆ ಅಂತ ತಿಳಿಸುವ ದೀಪವೇ ಬೇಕು. ಅದು ಕೆಟ್ಟರೂ ನಮ್ಮನ್ನು ಎಬ್ಬಿಸಿ ಹೊಲಕ್ಕೆ ಕಳಿಸುತ್ತದೆ, ಮಲಗಿಸುವುದಿಲ್ಲ.

ನಾನು ಬಳಸುತ್ತಿರುವುದು ಮೂರನೆಯ ಬಗೆ. ಎಲ್‌ಇಡಿ ದೀಪ, ಬ್ಯಾಟರಿ ಇಲ್ಲ, ಬೇಲಿಯ ಪೆಟ್ಟಿನಿಂದಲೇ ಹೊತ್ತುತ್ತದೆ. 4000 ವೋಲ್ಟಿನ ಮೇಲಿದ್ದರೆ ಮಾತ್ರ ಮಿಣುಕುತ್ತದೆ, ಅದರ ಕೆಳಗೆ ಪೂರ್ತಿ ಆರುತ್ತದೆ. ಬೇಲಿಯಿಂದ ಅದು ಎಳೆದುಕೊಳ್ಳುವ ಕರೆಂಟ್ ಲೆಕ್ಕಕ್ಕಿಲ್ಲ. ಪೊಟ್ಟಣದ ಮೇಲೆ ಬರೆದಿದ್ದನ್ನು ನಂಬದೆ ಡಿಜಿಟಲ್ ಮೀಟರ್ ಇಟ್ಟು ನೋಡಿದ್ದೇನೆ. ಹೆಚ್ಚುಕಮ್ಮಿ ಹೇಳಿದ ಜಾಗದಲ್ಲೇ ಆರುತ್ತದೆ. ನಿಯಾನ್‌ಗಿಂತ ಬೆಲೆ ಜಾಸ್ತಿ, ಆದರೆ ಆ ವ್ಯತ್ಯಾಸದ ಹಣ ಸಾರ್ಥಕ.

ಕಟ್ಟುವ ಜಾಗದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ದೀಪ ತಂದವರಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. ದೀಪ ಇರಬೇಕಾದ್ದು ಮಷೀನಿನಿಂದ ಅತಿ ದೂರದ ತುದಿಯಲ್ಲಿ. ಬೇಲಿಯನ್ನು ಸುತ್ತು ಹಾಕಿ ಎರಡೂ ತುದಿ ಕೂಡಿಸಿದ್ದರೆ ದೀಪದಿಂದ ಅರ್ಧ ಉಪಯೋಗವೂ ಇಲ್ಲ. ಒಂದು ಕಡೆ ತಂತಿ ಹರಿದರೂ ಇನ್ನೊಂದು ಕಡೆಯಿಂದ ಕರೆಂಟ್ ಬರುತ್ತದೆ, ದೀಪ ಮಿಣುಕುತ್ತಲೇ ಇರುತ್ತದೆ. ನಮ್ಮ ಹೊಲದಲ್ಲಿ ಸುತ್ತು ಕೂಡಿಸಿಲ್ಲ. ಕೊನೆಯ ಕಂಬದಲ್ಲಿ ತಂತಿ ನಿಲ್ಲುತ್ತದೆ, ಅಲ್ಲೇ ದೀಪ.

ಯಾವ ತಂತಿಗೆ ಅನ್ನುವುದೂ ಮುಖ್ಯ. ಹಂದಿಗೆ ಹಾಕಿದ ಬೇಲಿಯಲ್ಲಿ ಕೆಳಗಿನ ತಂತಿ ನೆಲದಿಂದ ಒಂದು ಗೇಣು, ಅದರ ಮೇಲಿನದು ಒಂದು ಮೊಳ. ಹಂದಿಯ ಮೂತಿ ತಾಗುವುದು ಕೆಳಗಿನದಕ್ಕೆ. ಹುಲ್ಲು ತಾಗುವುದೂ ಅದಕ್ಕೇ. ಹಾಗಾಗಿ ದೀಪ ಕೆಳಗಿನ ತಂತಿಗೆ. ಕರೆಂಟಿನ ತಂತಿಗಳನ್ನು ಮಷೀನಿನ ಕಡೆ ಮಾತ್ರ ಕೂಡಿಸಿ, ದೂರದ ತುದಿಯಲ್ಲಿ ಬೇರೆ ಬೇರೆ ಬಿಟ್ಟಿದ್ದೇವೆ. ಹೀಗೆ ಮಾಡಿದರೆ ಕೆಳಗಿನ ತಂತಿ ಎಲ್ಲಿ ಹರಿದರೂ ದೀಪ ತಕ್ಷಣ ಆರುತ್ತದೆ. ಮೇಲಿನ ತಂತಿಗಳ ಸುದ್ದಿ ಅದು ಹೇಳುವುದಿಲ್ಲ, ಅವನ್ನು ನಡೆದು ನೋಡಬೇಕು.

ದೀಪದ ಡಬ್ಬಿಯನ್ನು ಮಾತ್ರ ಎತ್ತರದ ಬಿದಿರಿಗೆ ಕಟ್ಟಿ, ಬೇಲಿಯ ಹೈವೋಲ್ಟೇಜ್ ಕೇಬಲ್‌ನಲ್ಲಿ ಕೆಳಗಿನ ತಂತಿಗೆ ಜೋಡಿಸಿದ್ದೇನೆ. ಶ್ರಾವಣ ಬರುವಷ್ಟರಲ್ಲಿ ಕಬ್ಬು ಆಳೆತ್ತರ ಆಗಿರುತ್ತದೆ. ಬೇಲಿಯ ಮಟ್ಟದಲ್ಲಿ ದೀಪ ಇದ್ದರೆ ಮನೆಯ ಅಂಗಳದಿಂದ ಕಾಣುವುದೇ ಇಲ್ಲ. ಬಿಸಿಲಲ್ಲಂತೂ ಹೇಗೂ ಕಾಣುವುದಿಲ್ಲ. ಹಗಲು ಪರೀಕ್ಷೆ ಮಾಡಬೇಕೆಂದರೆ ಹತ್ತಿರ ಹೋಗಿ ಕೈ ಅಡ್ಡ ಹಿಡಿದು ನೋಡಬೇಕು. ಮಿರಗ ಮಳೆಗೆ ಮುಂಚಿನ ದಿನಗಳಲ್ಲಿ ಮಿಂಚುಹುಳ ಹೊಲದ ತುಂಬ ಇರುತ್ತವೆ. ಆದರೆ ದೀಪಕ್ಕೆ ಒಂದೇ ಲಯ, ಒಂದೇ ಜಾಗ. ಎರಡು ಉಸಿರು ನಿಂತು ನೋಡಿದರೆ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಈ ದೀಪ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ನಮ್ಮ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಹುಲ್ಲು ಕಣ್ಣೆದುರೇ ಬೆಳೆಯುತ್ತದೆ. ಒದ್ದೆ ಹುಲ್ಲಿನ ಒಂದೊಂದು ಎಸಳೂ ತಂತಿಗೆ ತಾಗಿ ಸ್ವಲ್ಪ ಸ್ವಲ್ಪ ಕರೆಂಟ್ ನೆಲಕ್ಕೆ ಇಳಿಸುತ್ತದೆ. ತೂತು ಬಿದ್ದ ಕಾಲುವೆಯ ಹಾಗೆ, ಕೊನೆಯ ಗದ್ದೆಗೆ ಏನೂ ಉಳಿಯುವುದಿಲ್ಲ. ತಂತಿ ಕಂಬಕ್ಕೆ ತಾಗದಂತೆ ಹಿಡಿಯುವ ಹಳೆಯ ಇನ್ಸುಲೇಟರ್ ಮೇಲೆ ಪಾಚಿ ಕಟ್ಟಿದರೂ ಅದೇ ಕಥೆ. ಸಂಜೆ ಹೊತ್ತು ದೀಪ ಆರಿದ್ದು ಕಂಡರೆ ರಾತ್ರಿಗೆ ಮುಂಚೆ ಕುಡಗೋಲು ಹಿಡಿದು ಹೋಗಲು ಸಮಯ ಸಿಗುತ್ತದೆ. ಹಿಂದೆ ಬೇಲಿ ಸತ್ತ ವಿಷಯ ಹೇಳುತ್ತಿದ್ದದ್ದು ಹಂದಿಯ ಹೆಜ್ಜೆ.

ಮೋಡ ಮುಚ್ಚಿದ ದಿನಗಳಲ್ಲಿ ಇನ್ನೊಂದು ಲಾಭ. ಪ್ಯಾನೆಲ್ ಸರಿಯಾಗಿ ಚಾರ್ಜ್ ಮಾಡುವುದಿಲ್ಲ, ಬ್ಯಾಟರಿ ಇಳಿಯುತ್ತದೆ. ನಮ್ಮ ಮಷೀನಿನಲ್ಲಿ ಬ್ಯಾಟರಿ ಇಳಿದಾಗ ಪೆಟ್ಟಿನ ನಡುವಿನ ಅಂತರ ಜಾಸ್ತಿ ಆಗುತ್ತದೆ. ದೀಪದ ಮಿಣುಕು ನಿಧಾನ ಆದರೆ ಬ್ಯಾಟರಿ ಮನೆಗೆ ತಂದು ಚಾರ್ಜರಿಗೆ ಹಾಕುತ್ತೇನೆ.

ಬೇಸಿಗೆಯಲ್ಲಿ ಮಾತ್ರ ಇದೇ ದೀಪವನ್ನು ಪೂರ್ತಿ ನಂಬಬೇಡಿ. ಇದನ್ನು ಅಂಗಡಿಯವರು ಹೇಳುವುದಿಲ್ಲ. ಬೇಲಿ ಮುಟ್ಟಿದ ಪ್ರಾಣಿಗೆ ಪೆಟ್ಟು ಬೀಳಬೇಕಾದರೆ ಕರೆಂಟ್ ಅದರ ಕಾಲಿನಿಂದ ನೆಲಕ್ಕೆ ಇಳಿದು, ಮಣ್ಣಿನ ಮೂಲಕ ಮಷೀನಿನ ಅರ್ತಿಂಗ್‌ಗೆ, ಅಂದರೆ ಮಷೀನಿನಿಂದ ನೆಲಕ್ಕೆ ಹೊಡೆದ ಸಲಾಕೆಗಳಿಗೆ, ವಾಪಸ್ ಬರಬೇಕು. ಏಪ್ರಿಲ್ ಹೊತ್ತಿಗೆ ನಮ್ಮ ಕೆಂಪು ಮಣ್ಣು ಇಟ್ಟಿಗೆಯಂತೆ ಒಣಗಿರುತ್ತದೆ, ಕರೆಂಟ್ ಸರಿಯಾಗಿ ಹಾಯುವುದಿಲ್ಲ. ಆದರೆ ದೀಪಕ್ಕೆ ಬೇಕಾದ ಕರೆಂಟ್ ತೀರಾ ಕಡಿಮೆ. ಅದು ಒಣ ನೆಲದಲ್ಲೂ ಚೆನ್ನಾಗಿ ಮಿಣುಕುತ್ತದೆ. ಹುಲ್ಲೂ ಇಲ್ಲದ್ದರಿಂದ ವೋಲ್ಟೇಜ್ ಮೇಲೆಯೇ ಇರುತ್ತದೆ. ದೀಪ ಝಗಮಗ, ಪೆಟ್ಟು ಮಾತ್ರ ದುರ್ಬಲ.

ಇದಕ್ಕೆ ಪರಿಹಾರ ದೀಪದಲ್ಲಿ ಇಲ್ಲ, ಅರ್ತಿಂಗ್‌ನಲ್ಲಿದೆ. ಎರಡು ಮೀಟರಿನ ಮೂರು ಸಲಾಕೆ, ಒಂದಕ್ಕೊಂದು ಮೂರು ಮೀಟರ್ ದೂರ, ನೀರು ನಿಲ್ಲುವ ಜಾಗದಲ್ಲಿ ಹೊಡೆಯಿರಿ. ಪರೀಕ್ಷೆ ಹೀಗೆ: ಮಷೀನ್ ಬಂದ್ ಮಾಡಿ, ನೂರು ಮೀಟರ್ ಆಚೆ ಬೇಲಿಯ ತಂತಿಗೆ ಕಬ್ಬಿಣದ ಸರಳು ಆನಿಸಿ ನೆಲಕ್ಕೆ ಚುಚ್ಚಿ. ಮತ್ತೆ ಚಾಲು ಮಾಡಿದಾಗ ಬೇಲಿ 2000 ವೋಲ್ಟಿನ ಕೆಳಗೆ ಇಳಿಯಬೇಕು, ಇಳಿಯದಿದ್ದರೆ ಬಂದ್ ಮಾಡಿ ಇನ್ನೊಂದು ಸರಳು ಆನಿಸಿ. ಆಗ ಅರ್ತಿಂಗ್ ಸಲಾಕೆಯಲ್ಲಿ ಮೀಟರ್ ಇಟ್ಟು ನೋಡಿ. 300 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತಿಂಗ್ ಸಾಲದು, ಇನ್ನೊಂದು ಸಲಾಕೆ ಹೊಡೆಯಬೇಕು. ನಾವು ಬೇಸಿಗೆಗೆಂದು ನಡುವಿನ ಒಂದು ತಂತಿಯನ್ನು ಕರೆಂಟ್ ಇಲ್ಲದ ಅರ್ತ್ ತಂತಿ ಮಾಡಿದ್ದೇವೆ. ಎರಡೂ ಒಟ್ಟಿಗೆ ಮುಟ್ಟಿದ ಪ್ರಾಣಿಗೆ ಮಣ್ಣಿನ ಹಂಗಿಲ್ಲದೆ ಪೆಟ್ಟು ಬೀಳುತ್ತದೆ.

ಬಾಳಿಕೆ ವಿಷಯ. ಮೊದಲ ದೀಪದ ಪ್ಲಾಸ್ಟಿಕ್ ಬಿಸಿಲಿಗೆ ಬಿರುಕು ಬಿಟ್ಟು ಒಳಗೆ ನೀರು ಹೋಯಿತು. ಈಗಿನದಕ್ಕೆ ಕೇಬಲ್ ಒಳಹೋಗುವ ಜಾಗದಲ್ಲಿ ಸಿಲಿಕೋನ್ ಅಂಟು ಮೆತ್ತಿ, ಬಾಯಿ ಕೆಳಗೆ ಮಾಡಿ ಕಟ್ಟಿದ್ದೇನೆ. ಈವರೆಗೆ ಚೆನ್ನಾಗಿದೆ. ಅಡ್ಡಮಳೆಯ ಗುಡುಗು ಶುರುವಾಗುವ ಮುಂಚೆಯೇ ಮಷೀನನ್ನು ಬೇಲಿಯಿಂದ ಬಿಡಿಸಿ ಇಡುತ್ತೇನೆ. ಸಿಡಿಲಿಗೆ ದೀಪ ಹೋದರೆ ಸಣ್ಣ ನಷ್ಟ, ಮಷೀನ್ ಹೋದರೆ ದೊಡ್ಡದು. ಆನೆಯ ಮಟ್ಟಿಗೆ ದೀಪದಿಂದ ದೊಡ್ಡ ನಿರೀಕ್ಷೆ ಬೇಡ. ಒಣ ಮರದ ಕೊಂಬೆಯಿಂದಲೋ ದಂತದಿಂದಲೋ ಬೇಲಿ ಕೆಡವುವುದು ಅದಕ್ಕೆ ಗೊತ್ತು. ಬೇಲಿ ಬಿದ್ದ ಸುದ್ದಿ ಮಾತ್ರ ದೀಪ ಬೇಗ ಕೊಡುತ್ತದೆ.

ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ದೀಪ ಆರಿತು, ಮಷೀನ್ ಕೆಟ್ಟಿತು ಅಂತ ಒಂದು ರಾತ್ರಿಗೂ ಪಂಪ್‌ಸೆಟ್ಟಿನ ಲೈನನ್ನು ಬೇಲಿಗೆ ಕೊಡಬೇಡಿ. ಮಷೀನಿನ ಪೆಟ್ಟು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕದು. ಮುಟ್ಟಿದವರಿಗೆ ಕೈ ಬಿಡಿಸಿಕೊಳ್ಳಲು ಸಮಯ ಇರುತ್ತದೆ. 230 ವೋಲ್ಟಿನ ಲೈನ್ ಬಿಡುವುದಿಲ್ಲ. ಬೆಳಗಿನ ಜಾವ ನೀರು ಹಾಯಿಸಲು ಹೋದ ನಮ್ಮವರೇ ಸಾಯುತ್ತಾರೆ, ದನ ಸಾಯುತ್ತದೆ, ಆನೆ ಸಾಯುತ್ತದೆ. ಆನೆ ಸತ್ತರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಜೈಲು.

ಮೊಬೈಲಿಗೆ ಮೆಸೇಜ್ ಕಳಿಸುವ ಯಂತ್ರಗಳೂ ಈಗ ಬಂದಿವೆ. ಬೆಳಗಾವಿ ಸುತ್ತಿನ ಬಯಲು ಹೊಲಗಳಿಗೆ ಅವು ಒಳ್ಳೆಯವು ಅನ್ನಿಸುತ್ತದೆ. ನಮ್ಮ ಕಾಡಂಚಿನಲ್ಲಿ ಮಳೆ ಬಂದರೆ ನೆಟ್‌ವರ್ಕ್ ಮೊದಲು ಹೋಗುತ್ತದೆ. ಹಾಗಾಗಿ ಮುಂದಿನ ಹಂಗಾಮಿಗೆ ನಾನು ತರುವುದು ಇದೇ ಬಗೆಯ ಇನ್ನೊಂದು ದೀಪ. ಬೇಲಿಯ ಅರ್ಧ ದಾರಿಯಲ್ಲಿ ಕಟ್ಟುತ್ತೇನೆ. ತುದಿಯದು ಆರಿ ನಡುವಿನದು ಮಿಣುಕುತ್ತಿದ್ದರೆ ಕತ್ತಲಲ್ಲಿ ಮೊದಲು ಹುಡುಕಬೇಕಾದ್ದು ಆಚೆ ಕಡೆಯ ಅರ್ಧ ಬೇಲಿ.