ತೊಗಟೆ ಹದದ ಎಮ್ಮೆ ಸೈಡ್: ಬೆನ್ನಿಗೆ ಪೂರ್ತಿ ಅಂಕ, ಹೊಟ್ಟೆಗೆ ಸೊನ್ನೆ

ಸೈಡ್ ಅಂದರೆ ಬೆನ್ನುಮೂಳೆಯುದ್ದಕ್ಕೂ ಸೀಳಿದ ಅರ್ಧ ಚರ್ಮ; ಇದು ಮರದ ತೊಗಟೆಯ ರಸದಲ್ಲಿ ಹದ ಮಾಡಿದ್ದು. ಬೆಲ್ಟ್ ಪಟ್ಟಿ ಕತ್ತರಿಸೋರಿಗೆ 3.5 ಮಿ.ಮೀ. ದಪ್ಪದ ಈ ಚರ್ಮ ಒಳ್ಳೆಯದೇ. ಆದರೆ ಸುರುಳಿ ಬಿಚ್ಚಿಸದೆ ದುಡ್ಡು ಕೊಡಬೇಡಿ.

ಮೊದಲು ಮೇಲ್ಮೈ ಒಳಗೆ ಬರುವಂತೆ ಮಡಚಿ. ಬೆನ್ನಿನ ಕಡೆ ಕೂದಲೆಳೆಯಂಥ ಸಣ್ಣ ನೆರಿಗೆ ಬಿದ್ದು, ಬಿಟ್ಟ ಕೂಡಲೇ ಮಾಯವಾಗಬೇಕು. ಪದರ ಎದ್ದಂತೆ ದಪ್ಪ ನೆರಿಗೆ ನಿಂತರೆ ಚರ್ಮ ಸಡಿಲ. ಆರು ತಿಂಗಳಲ್ಲಿ ಬೆಲ್ಟ್ ಹಿಗ್ಗಿ ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಹೊಟ್ಟೆ ಭಾಗದ ಹಣೆಬರಹವೇ ಇದು, ಆದರೂ ಚದರಡಿ ಲೆಕ್ಕದಲ್ಲಿ ಅದಕ್ಕೂ ದುಡ್ಡು ತೆರಬೇಕು. ಲೂಪ್, ಕೀಚೈನಿಗೆ ಸಾಕು.

ಅಂಚಿನ ಚೂರೊಂದನ್ನು ಕತ್ತರಿಸಿ ನೋಡಿ. ಕೊಯ್ದ ಜಾಗ ಪೂರ್ತಿ ಒಂದೇ ಕಂದಾಗಿರಬೇಕು. ನಡುವೆ ಬಿಳಿಚು ಗೆರೆ ಕಂಡರೆ ಹದ ಒಳಗಿಳಿದಿಲ್ಲ, ಬಾಗಿಸಿದಾಗ ಬಿರುಕು ಬಿಡುತ್ತೆ. ಉಣ್ಣಿ ಹುಳ ಕಚ್ಚಿದ ಚುಕ್ಕೆ ನೋಟಕ್ಕಷ್ಟೇ ಕುಂದು. ನಿಜವಾದ ಅಪಾಯ ಒಳಮೈಯಲ್ಲಿ: ಸುಲಿಯುವಾಗ ಬಿದ್ದ ಚಾಕುವಿನ ಗೀರು ಅಲ್ಲೇ ಅಡಗಿರುತ್ತೆ, ಪಟ್ಟಿ ಹರಿಯೋದೂ ಅಲ್ಲೇ.

36 ಇಂಚಿನ ಸೊಂಟಕ್ಕೆ 48 ಇಂಚು ಪಟ್ಟಿ, ಬೆನ್ನುಮೂಳೆಗೆ ಸಮಾನಾಂತರವಾಗಿ. ಅಡ್ಡಕ್ಕೆ ಕೊಯ್ದರೆ ಎಷ್ಟೇ ಒಳ್ಳೆಯ ಚರ್ಮವಾದರೂ ಎಳೆದುಕೊಳ್ಳುತ್ತೆ.